ಬೆಳಗಾವಿ ಥಂಡಿಗೆ ಬೈಕ್ ಚೈನ್ ಎಣ್ಣೆ: 90 ನಂಬರ್ ಗೇರ್ ಆಯಿಲ್, ಸ್ಪ್ರೇ ಕ್ಯಾನ್, ಡಬ್ಲ್ಯೂಡಿ-40

ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಅಂಕಪಟ್ಟಿ. ಊರೊಳಗೆ ದಿನಾ ಓಡಿ ರಾತ್ರಿ ಬಯಲಲ್ಲೇ ನಿಲ್ಲುವ ಗಾಡಿಗೆ ಎಸ್‌ಎಇ 90 ಗೇರ್ ಆಯಿಲ್ (90 ಎಂದರೆ ಎಣ್ಣೆಯ ದಪ್ಪದ ನಂಬರ್) ಸಾಕು: ಐದಕ್ಕೆ ನಾಲ್ಕೂವರೆ. ಹೈವೇ ಮೇಲೆ ಹೆಚ್ಚು ಓಡಿಸುವವರಿಗೆ, ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗಿಬರುವವರಿಗೆ ಮೋಟುಲ್ ಸಿ2 ತರಹದ ಚೈನ್ ಲ್ಯೂಬ್ ಸ್ಪ್ರೇ: ನಾಲ್ಕು. ಡಬ್ಲ್ಯೂಡಿ-40ಗೆ ಕೆಲಸ ನೋಡಿ ಎರಡು ಬೇರೆ ಬೇರೆ ಅಂಕ ಕೊಡಬೇಕು. ನೀರು ತೆಗೆಯಲು, ಬಿಗಿದ ಕೊಂಡಿ ಬಿಡಿಸಲು ಐದಕ್ಕೆ ಐದು. ಚೈನ್ ಎಣ್ಣೆ ಎಂದು ಬಳಸಿದರೆ ಒಂದೇ. ತೊಳೆಯುವುದಕ್ಕೆ ನಮ್ಮ ಚಿಮಣಿ ಎಣ್ಣೆಗೇ (ಸೀಮೆಎಣ್ಣೆ) ಐದು ಅಂಕ.

ಈ ಅಂಕಗಳು ನವೆಂಬರ್‌ನಿಂದ ಫೆಬ್ರುವರಿವರೆಗಿನ ಬೆಳಗಾವಿಗೆ ಮಾತ್ರ. ಮಳೆಗಾಲ ಮುಗಿಯಿತು, ಇನ್ನು ತುಕ್ಕಿನ ಭಯ ಇಲ್ಲ ಎಂದು ಬಹಳ ಜನ ಚೈನ್ ಕಡೆ ನೋಡುವುದನ್ನೇ ಬಿಡುತ್ತಾರೆ. ತುಕ್ಕು ಹಿಡಿಯುವುದು ಆಗಲೇ. ಥಂಡಿ ರಾತ್ರಿಗಳಲ್ಲಿ ಆಕಾಶ ತಿಳಿಯಾಗಿದ್ದಾಗ ಬಯಲಲ್ಲಿ ನಿಂತ ಕಬ್ಬಿಣ ತನ್ನ ಕಾವನ್ನು ಬೇಗ ಕಳೆದುಕೊಂಡು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಹಾಗೆ ತಣ್ಣಗಾದ ಕೊಂಡಿಯ ಮೇಲೆ ಇಬ್ಬನಿ ಕೂರುತ್ತದೆ. ಟ್ಯಾಂಕಿನ ಮೇಲಿನ ಇಬ್ಬನಿಯನ್ನು ಬಟ್ಟೆಯಿಂದ ಒರೆಸುತ್ತೇವೆ, ಚೈನಿನದನ್ನು ಯಾರೂ ಒರೆಸುವುದಿಲ್ಲ. ಕೊಂಡಿಯ ಎರಡು ಪಟ್ಟಿಗಳ ಸಂದಿಯಲ್ಲಿ ಕೂತ ನೀರು ಬಿಸಿಲು ಬೀಳುವವರೆಗೂ ಆರುವುದಿಲ್ಲ. ಶಹಾಪುರದಂಥ ಇಕ್ಕಟ್ಟಾದ ಗಲ್ಲಿಗಳಲ್ಲಿ ಬಿಸಿಲು ಗಾಡಿಯ ಕೆಳಭಾಗಕ್ಕೆ ಬರುವುದೇ ತಡವಾಗಿ.

ಇದರ ಮೇಲೆ ಧೂಳು. ಖಾನಾಪುರದ ಕಡೆ ಕೆಂಪು ಮಣ್ಣು, ಬೈಲಹೊಂಗಲ, ಸವದತ್ತಿ ಕಡೆ ಎರೆಮಣ್ಣು. ಕಬ್ಬಿನ ಹಂಗಾಮು ಶುರುವಾದ ಮೇಲೆ ಟ್ರ್ಯಾಕ್ಟರ್ ಗಾಲಿಗಳು ಹೊಲದ ಮಣ್ಣನ್ನು ಡಾಂಬರಿಗೆ ತಂದು ಹಾಕುತ್ತವೆ. ಉದ್ಯಮಬಾಗದ ಫೌಂಡ್ರಿಗಳ ಸುತ್ತಮುತ್ತ ಓಡಾಡುವ ಗಾಡಿಗಳಿಗೆ ಅಚ್ಚಿನ ಮರಳೂ ಸೇರುತ್ತದೆ. ಅದು ಸಿಲಿಕಾ, ಗಟ್ಟಿ ಉಕ್ಕನ್ನೂ ಸವೆಸುವ ವಸ್ತು. ಧೂಳು ಎರಡು ರೀತಿಯಲ್ಲಿ ಕೆಡಿಸುತ್ತದೆ: ಇಬ್ಬನಿಯನ್ನು ಸ್ಪಂಜಿನ ಹಾಗೆ ಹೀರಿ ಹಿಡಿದಿಟ್ಟು ತುಕ್ಕು ಬೆಳೆಸುತ್ತದೆ, ಎಣ್ಣೆಯೊಂದಿಗೆ ಕಲೆತು ಸಾಣೆ ಹಿಡಿಯುವ ಮುದ್ದೆಯಾಗುತ್ತದೆ. ಹಾಗಾಗಿ ನಮ್ಮ ಕಡೆಯ ಎಣ್ಣೆಗೆ ಎರಡು ಪರೀಕ್ಷೆ. ಇಬ್ಬನಿಯನ್ನು ತಡೆಯಬೇಕು, ಧೂಳನ್ನು ಕರೆದು ಕೂರಿಸಬಾರದು. ಮೊದಲನೆಯದರಲ್ಲಿ ಪಾಸಾಗುವ ಎಣ್ಣೆಗಳು ಬಹಳ ಇವೆ, ಎರಡರಲ್ಲೂ ಪಾಸಾಗುವವು ಕಡಿಮೆ.

ಕೊಳ್ಳುವ ಮುಂಚೆ ನಿಮ್ಮದು ಯಾವ ಚೈನ್ ನೋಡಿಕೊಳ್ಳಿ. ಒಳಪಟ್ಟಿ ಮತ್ತು ಹೊರಪಟ್ಟಿಯ ನಡುವೆ ತೆಳ್ಳನೆಯ ಕಪ್ಪು ರಬ್ಬರ್ ಬಳೆ ಕಂಡರೆ ಅದು ಓ-ರಿಂಗ್ ಅಥವಾ ಎಕ್ಸ್-ರಿಂಗ್ ಚೈನ್. ಕಾರ್ಖಾನೆಯಲ್ಲೇ ಪಿನ್ (ಕೊಂಡಿಗಳನ್ನು ಜೋಡಿಸುವ ಕಡ್ಡಿ) ಮತ್ತು ಬುಷ್ (ಅದು ಕೂರುವ ಕೊಳವೆ) ನಡುವೆ ಗ್ರೀಸ್ ತುಂಬಿ ಆ ಬಳೆಯಿಂದ ಮುಚ್ಚಿರುತ್ತಾರೆ. ಹೊರಗಿನಿಂದ ನಾವು ಹಾಕುವ ಎಣ್ಣೆ ಅಲ್ಲಿಗೆ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಅದರ ಕೆಲಸ ರಬ್ಬರನ್ನು ಮೆತ್ತಗಿಡುವುದು, ರೋಲರ್ (ಬುಷ್ ಮೇಲೆ ಉರುಳುವ ಭಾಗ) ತಿರುಗಿಸುವುದು, ಪಟ್ಟಿಗೆ ತುಕ್ಕು ಬಾರದಂತೆ ನೋಡುವುದು. ಬಳೆ ಇಲ್ಲದ ಸಾದಾ ಚೈನಿನಲ್ಲಿ ಎಣ್ಣೆ ಪಿನ್ನಿನವರೆಗೂ ಇಳಿಯಲೇಬೇಕು. ಪೂರ್ತಿ ಚೈನ್ ಕವರ್ ಇರುವ ಸಣ್ಣ ಗಾಡಿಗಳಲ್ಲಿ ಸಾಮಾನ್ಯವಾಗಿ ಇದೇ ಇರುತ್ತದೆ. ಕವರ್ ಧೂಳನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಒಳಗೆ ಹೋದ ನೀರು ಅಷ್ಟು ಬೇಗ ಆರದು. ರಬ್ಬರ್ ಮುಚ್ಚಳದ ಕಿಂಡಿಯಿಂದ ನಾಲ್ಕು ಹನಿ ಎಣ್ಣೆ ಬಿಡಬಹುದು, ತೊಳೆಯಲು ಮಾತ್ರ ಕವರ್ ಬಿಚ್ಚಲೇಬೇಕು. ಥಂಡಿ ಶುರುವಾಗುವಾಗ ಒಮ್ಮೆ, ಮುಗಿದ ಮೇಲೆ ಒಮ್ಮೆ ಬಿಚ್ಚಿದರೆ ಸಾಕು.

ಈಗ 90 ನಂಬರ್. ಅಂಗಡಿಯಲ್ಲಿ ಹಾಗೇ ಕೇಳಿ, ಇಪಿ 90 ಅಥವಾ 80ಡಬ್ಲ್ಯೂ-90 ಕೊಟ್ಟರೆ ಎರಡೂ ನಡೆಯುತ್ತವೆ. ಬೆಳಗಾವಿಯ ಥಂಡಿಗೆ ಇವೆರಡರಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಗೆ ಹೋದರೆ 140 ನಂಬರ್ ಕೈಗೆ ಬರುವ ಸಂಭವ ಉಂಟು, ಅದು ಬೇಡ. ತೀರಾ ಗಟ್ಟಿ, ಪಿನ್ನಿನ ಸಂದಿಗೆ ಇಳಿಯದೆ ಮೇಲೆಯೇ ಕೂತು ಮಣ್ಣು ಹಿಡಿಯುತ್ತದೆ. ಭಾರತದಲ್ಲಿ ಮಾರುವ ಹಲವು ಗಾಡಿಗಳ ಮ್ಯಾನ್ಯುಯಲ್‌ನಲ್ಲೇ ಚೈನಿಗೆ 90 ಗೇರ್ ಆಯಿಲ್ ಹಾಕಿ ಎಂದು ಬರೆದಿರುತ್ತದೆ. ಓ-ರಿಂಗ್ ರಬ್ಬರಿಗೂ ಇದರಿಂದ ತೊಂದರೆ ಇಲ್ಲ.

ಇದರ ಮೇಲಿರುವ ದೂರು ಒಂದೇ, ಹಾರುತ್ತದೆ, ಹಿಂದಿನ ರಿಮ್ ಎಲ್ಲ ಕಪ್ಪು ಚುಕ್ಕೆ. ತಪ್ಪು ಎಣ್ಣೆಯದಲ್ಲ, ಅಳತೆಯದು. ಲೆಕ್ಕ ಹಾಕಿ ನೋಡಿ. ಚೈನಿನಲ್ಲಿ 120 ಕೊಂಡಿ ಇವೆ ಎನ್ನೋಣ. ಎಡಸಾಲಿಗೆ ಒಂದು ಹನಿ, ಬಲಸಾಲಿಗೆ ಒಂದು ಹನಿ ಎಂದರೆ 240 ಹನಿ. ಸುಮಾರು 20 ಹನಿಗೆ 1 ಮಿ.ಲೀ., ಅಂದರೆ ಇಡೀ ಚೈನಿಗೆ ಬೇಕಾದದ್ದು 12 ಮಿ.ಲೀ. ಎಣ್ಣೆ. ಡಬ್ಬಿಯಿಂದ ನೇರವಾಗಿ ಸುರಿಯುವವರು ಇದರ ನಾಲ್ಕು ಪಟ್ಟು ಹಾಕಿ, ಹಾರಿತು ಎನ್ನುತ್ತಾರೆ. ಔಷಧಿ ಅಂಗಡಿಯ 10 ಮಿ.ಲೀ. ಸಿರಿಂಜ್ ತೆಗೆದುಕೊಳ್ಳಿ, ಸೂಜಿ ಬೇಡ. ಅಥವಾ ಹೊಲಿಗೆ ಯಂತ್ರದ ಎಣ್ಣೆಯ ಖಾಲಿ ಬಾಟಲಿ, ಅದರ ಮೂತಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. 1 ಲೀಟರ್ ಡಬ್ಬಿ ಹೀಗೆ ಎಂಬತ್ತು ಸಲಕ್ಕೆ ಬರುತ್ತದೆ. 500 ಕಿ.ಮೀ.ಗೆ ಒಮ್ಮೆ ಹಾಕಿದರೂ 40,000 ಕಿ.ಮೀ. ಆಯಿತು. 400 ಮಿ.ಲೀ. ಸ್ಪ್ರೇ ಕ್ಯಾನಿಗೆ ಕೊಡುವ ದುಡ್ಡಿನಲ್ಲಿ ಈ ಡಬ್ಬಿ ಬಂದು ಚಿಲ್ಲರೆ ಉಳಿಯುತ್ತದೆ.

ಹಾಕುವ ಜಾಗವೂ ಮುಖ್ಯ. ಹಿಂದಿನ ಸ್ಪ್ರಾಕೆಟ್‌ನ (ಚೈನ್ ಸುತ್ತುವ ಹಲ್ಲಿನ ಚಕ್ರದ) ಮುಂದೆ, ಚೈನಿನ ಕೆಳಸಾಲಿನ ಒಳಮುಖದ ಮೇಲೆ, ಒಳಪಟ್ಟಿ ಹೊರಪಟ್ಟಿ ಕೂಡುವ ಗೆರೆಗೆ ಬಿಡಿ. ಗಾಡಿ ಓಡುವಾಗ ಎಣ್ಣೆ ಹೊರಮುಖಕ್ಕೆ ಎಸೆಯಲ್ಪಡುತ್ತದೆ. ಒಳಗಿನಿಂದ ಹಾಕಿದ್ದು ಹೋಗುವ ದಾರಿಯಲ್ಲಿ ರೋಲರನ್ನು ತೋಯಿಸಿಯೇ ಹೋಗುತ್ತದೆ, ಹೊರಗಿನಿಂದ ಹಾಕಿದ್ದು ನೇರವಾಗಿ ರಿಮ್ಮಿಗೆ. ಹಾಕಿದ ಮೇಲೆ ಚಕ್ರವನ್ನು ಕೈಯಿಂದ ಹತ್ತು ಸುತ್ತು ಹಿಂದಕ್ಕೆ ತಿರುಗಿಸಿ, ಹತ್ತು ನಿಮಿಷ ಬಿಟ್ಟು, ಒಣ ಬಟ್ಟೆಯಲ್ಲಿ ಚೈನ್ ಹಿಡಿದು ಇನ್ನೆರಡು ಸುತ್ತು ತಿರುಗಿಸಿ ಒರೆಸಿ. ಒರೆಸಿದರೆ ಹಾಕಿದ್ದೆಲ್ಲ ಹೋಯಿತು ಎಂಬ ಹೆದರಿಕೆ ಬೇಡ. ಸಂದಿಯಲ್ಲಿ ಇಳಿದದ್ದು ಇಳಿದೇ ಇರುತ್ತದೆ, ಪಟ್ಟಿಯ ಮೇಲೆ ತೆಳು ಪದರ ಉಳಿಯುತ್ತದೆ. ಇಬ್ಬನಿಗೆ ಅಷ್ಟು ಸಾಕು, ಧೂಳಿಗೆ ಅಷ್ಟೇ ಇರಬೇಕು. ಅರ್ಧ ಅಂಕ ಕಡಿದದ್ದು ಈ ಒರೆಸುವ ಕೆಲಸಕ್ಕಾಗಿ. ಅದನ್ನು ತಪ್ಪಿಸುವವರಿಗೆ ಈ ಎಣ್ಣೆ ಒಗ್ಗುವುದಿಲ್ಲ.

ಹೊತ್ತು ಯಾವುದು ಎಂದರೆ ಸಂಜೆ, ಗಾಡಿ ಓಡಿಸಿ ಬಂದ ಕೂಡಲೆ. ಚೈನ್ ಬೆಚ್ಚಗಿದ್ದಾಗ ಎಣ್ಣೆ ತೆಳ್ಳಗಾಗಿ ಬೇಗ ಇಳಿಯುತ್ತದೆ, ರಾತ್ರಿಯೆಲ್ಲ ನೆಲೆ ನಿಲ್ಲಲು ಸಮಯ ಸಿಗುತ್ತದೆ, ಇಬ್ಬನಿ ಬೀಳುವ ಹೊತ್ತಿಗೆ ಪದರ ಸಿದ್ಧವಿರುತ್ತದೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಅವಸರದಲ್ಲಿ ಹಾಕಿದರೆ ಒದ್ದೆ ಕೊಂಡಿಯ ಮೇಲೆ ಎಣ್ಣೆ ಬಿದ್ದು, ನೀರು ಕೆಳಗೆ ಸಿಕ್ಕಿಕೊಳ್ಳುತ್ತದೆ. ಹೊರಗೆ ಮಿರಿಮಿರಿ ಎನ್ನುವ ಚೈನ್ ಒಳಗೆ ತುಕ್ಕು ಹಿಡಿಯುವುದು ಹೀಗೆ.

ಸ್ಪ್ರೇ ಕ್ಯಾನ್‌ಗಳ ಗುಣ ಬೇರೆ. ಮೋಟುಲ್ ಸಿ2 ರಸ್ತೆ ಗಾಡಿಗಳಿಗೆ ಎಂದೇ ಮಾಡಿದ್ದು. ಕ್ಯಾನಿನಿಂದ ನೀರಿನ ಹಾಗೆ ತೆಳ್ಳಗೆ ಹೊರಬಂದು ಸಂದಿಗೆ ಹೋಗುತ್ತದೆ, ಅದರಲ್ಲಿನ ದ್ರಾವಕ ಆವಿಯಾದ ಮೇಲೆ ಅಂಟಂಟಾಗಿ ಉಳಿಯುತ್ತದೆ. ಪುಣೆ-ಬೆಂಗಳೂರು ಹೈವೇ ಮೇಲೆ ಧಾರವಾಡಕ್ಕೋ ಕೊಲ್ಲಾಪುರಕ್ಕೋ ದಿನಾ ಹೋಗಿಬರುವ ಗಾಡಿಗೆ ಇದು 90 ನಂಬರಿಗಿಂತ ಮೇಲು, ವೇಗಕ್ಕೆ ಹಾರುವುದಿಲ್ಲ. ನೀರಿಗೂ ಬೇಗ ತೊಳೆದುಹೋಗುವುದಿಲ್ಲ. ಆದರೆ ಅದೇ ಅಂಟು ಕಬ್ಬಿನ ರಸ್ತೆಯ ಧೂಳನ್ನೂ ಹಿಡಿಯುತ್ತದೆ, ಹಿಡಿದದ್ದನ್ನು ಬಿಡುವುದಿಲ್ಲ. ಕಚ್ಚಾ ರಸ್ತೆಯಲ್ಲಿ ಓಡುವ ಗಾಡಿಗೆ ಸ್ಪ್ರೇ ಹಾಕಿ, ತೊಳೆಯದೆ ಅದರ ಮೇಲೇ ಮತ್ತೆ ಸ್ಪ್ರೇ ಹಾಕುತ್ತಾ ಹೋದರೆ ಮುಂದಿನ ಸ್ಪ್ರಾಕೆಟ್ ಕವರಿನೊಳಗೆ ಟಾರಿನಂಥ ಗಟ್ಟಿ ಮುದ್ದೆ ಕಟ್ಟುತ್ತದೆ. ಮೂರು ಸಲ ಹಾಕಿದ ಮೇಲೆ ಒಮ್ಮೆ ಪೂರ್ತಿ ತೊಳೆಯಲೇಬೇಕು.

ಥಂಡಿಯಲ್ಲಿ ಸ್ಪ್ರೇ ಬಳಸುವವರು ಕ್ಯಾನನ್ನು ಮನೆಯೊಳಗಿಟ್ಟು ತನ್ನಿ. ತಣ್ಣಗಾದ ಕ್ಯಾನಿನಲ್ಲಿ ಒತ್ತಡ ಇಳಿದು ಎಣ್ಣೆ ಹನಿಹನಿಯಾಗಿ ಉಗುಳುತ್ತದೆ. ಬಳಸುವ ಮುನ್ನ ಚೆನ್ನಾಗಿ ಅಲುಗಾಡಿಸಿ. ಬೇಸಿಗೆಯಲ್ಲಿ ಕಾಲು ಗಂಟೆಗೆ ಅಂಟಾಗುವುದು ಈ ದಿನಗಳಲ್ಲಿ ಆಗುವುದಿಲ್ಲ, ರಾತ್ರಿಯಿಡೀ ಬಿಡಿ. ಚೈನಿನ ಹಿಂದೆ ರಟ್ಟು ಹಿಡಿಯುವುದನ್ನು ಮರೆಯಬೇಡಿ. ಟೈರಿನ ಮೇಲೋ ಡಿಸ್ಕಿನ ಮೇಲೋ ಬಿದ್ದ ಲ್ಯೂಬ್ ತುಕ್ಕಿಗಿಂತ ದೊಡ್ಡ ಅಪಾಯ.

ಡಬ್ಲ್ಯೂಡಿ-40 ಬಗ್ಗೆ ವಾದ ಮುಗಿಯುವುದೇ ಇಲ್ಲ. ಹೆಸರಿನಲ್ಲೇ ಉತ್ತರ ಇದೆ. ಡಬ್ಲ್ಯೂಡಿ ಎಂದರೆ ನೀರನ್ನು ಸರಿಸುವುದು, 40 ಎಂದರೆ ನಲವತ್ತನೆಯ ಪ್ರಯತ್ನ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ತಯಾರಾದ ಇದನ್ನು ಮೊದಲು ಬಳಸಿದ್ದು ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಹಿಡಿಯದಿರಲಿ ಎಂದು. ಆ ಕೆಲಸವನ್ನು ಚೈನಿನ ಮೇಲೂ ಸೊಗಸಾಗಿ ಮಾಡುತ್ತದೆ: ಒದ್ದೆ ಚೈನಿಗೆ ಹೊಡೆದರೆ ಸಂದಿಯ ನೀರನ್ನು ಹೊರಗೆ ತಳ್ಳುತ್ತದೆ. ಆದರೆ ದ್ರಾವಕ ಆರಿದ ಮೇಲೆ ಉಳಿಯುವ ಪದರ ಬಹಳ ತೆಳು. ರೋಲರ್ ಮತ್ತು ಸ್ಪ್ರಾಕೆಟ್ ಹಲ್ಲಿನ ನಡುವಿನ ಒತ್ತಡ ಅದು ತಡೆಯುವಂಥದ್ದಲ್ಲ. ಅದನ್ನೇ ಎಣ್ಣೆ ಎಂದು ನಂಬಿದ ಚೈನ್ ಕೆಲವೇ ದಿನಗಳಲ್ಲಿ ಒಣಗಿ ಚರಚರ ಎನ್ನುತ್ತದೆ. ಅದೇ ಹೆಸರಿನಲ್ಲಿ ಸ್ಪೆಷಲಿಸ್ಟ್ ಚೈನ್ ಲ್ಯೂಬ್ ಎಂದು ಬೇರೆ ಕ್ಯಾನ್ ಇದೆ. ಈ ಮಾತು ಅದಕ್ಕಲ್ಲ, ನೀಲಿ-ಹಳದಿ ಬಣ್ಣದ ಸಾದಾ ಕ್ಯಾನಿಗೆ.

ತೊಳೆಯುವುದಕ್ಕೆ ಮೋಟುಲ್ ಸಿ1 ತರಹದ ಚೈನ್ ಕ್ಲೀನರ್ ಸ್ಪ್ರೇ ಚೆನ್ನಾಗಿದೆ, ಓ-ರಿಂಗಿಗೂ ಒಗ್ಗುತ್ತದೆ, ಬೇಗ ಆರುತ್ತದೆ. ಆದರೆ ಚಿಮಣಿ ಎಣ್ಣೆ ಮಾಡದ ಯಾವ ಕೆಲಸವನ್ನೂ ಅದು ಮಾಡುವುದಿಲ್ಲ. ರೇಷನ್ ಅಂಗಡಿಯಲ್ಲಿ ಚಿಮಣಿ ಎಣ್ಣೆ ಸಿಗುವುದು ಅಪರೂಪವಾಗಿರುವುದರಿಂದ ಬೇಕಾದರೆ ಡೀಸೆಲ್ ಬಳಸಿ. ಆರಲು ಹೆಚ್ಚು ಹೊತ್ತು ಬೇಕು ಅಷ್ಟೆ. ಪೆಟ್ರೋಲ್ ಮಾತ್ರ ಬೇಡ, ಓ-ರಿಂಗ್ ಕೆಡುತ್ತದೆ, ಬೆಂಕಿಯ ಅಪಾಯ ಬೇರೆ. 150 ಮಿ.ಲೀ. ಚಿಮಣಿ ಎಣ್ಣೆಯನ್ನು ಕತ್ತರಿಸಿದ ಬಾಟಲಿಗೆ ಹಾಕಿಕೊಳ್ಳಿ. ಗಾಡಿ ಮೇನ್ ಸ್ಟ್ಯಾಂಡ್ ಮೇಲೆ, ಎಂಜಿನ್ ಬಂದ್, ಗೇರ್ ನ್ಯೂಟ್ರಲ್. ಎಂಜಿನ್ ಶುರು ಮಾಡಿ ಗೇರಿನಲ್ಲಿಟ್ಟು ಚೈನ್ ತಿರುಗುವಾಗ ಬಟ್ಟೆ ಹಿಡಿಯುವವರು ಬೆರಳು ಕಳೆದುಕೊಂಡಿದ್ದಾರೆ, ಇದನ್ನು ಯಾವ ಕಾರಣಕ್ಕೂ ಮಾಡಬಾರದು. ಮೇನ್ ಸ್ಟ್ಯಾಂಡ್ ಇಲ್ಲದ ಗಾಡಿಯನ್ನು ಗೇಣು ಗೇಣು ಮುಂದೆ ತಳ್ಳುತ್ತಾ ಮಾಡಿದರಾಯಿತು.

ನೈಲಾನ್ ಬ್ರಶ್ ಸಾಕು, ಹಳೆಯ ಹಲ್ಲುಜ್ಜುವ ಬ್ರಶ್ ಇನ್ನೂ ಒಳ್ಳೆಯದು. ತಂತಿಯ ಬ್ರಶ್ ಓ-ರಿಂಗಿನ ಅಂಚು ಕತ್ತರಿಸುತ್ತದೆ. ಕೆಳಗೆ ತಟ್ಟೆ ಇಟ್ಟು, ಒಳಮುಖ, ಹೊರಮುಖ, ಎರಡು ಪಕ್ಕ ಹೀಗೆ ನಾಲ್ಕೂ ಕಡೆ ತಿಕ್ಕಿ, ಒರೆಸಿ, ಅರ್ಧ ಗಂಟೆ ಬಿಸಿಲಿಗೆ ಬಿಡಿ. ಆರದೆ ಎಣ್ಣೆ ಹಾಕಿದರೆ ಒಳಗೆ ಉಳಿದ ಚಿಮಣಿ ಎಣ್ಣೆ 90 ನಂಬರನ್ನು ತೆಳ್ಳಗೆ ಮಾಡಿ ಹೊರಗೆ ಹರಿಸುತ್ತದೆ. ತಟ್ಟೆಯಲ್ಲಿ ಬಿದ್ದದ್ದನ್ನು ಗಟಾರಕ್ಕೆ ಚೆಲ್ಲಬೇಡಿ. ಬಾಟಲಿಯಲ್ಲಿ ಎರಡು ದಿನ ಇಟ್ಟರೆ ಮಣ್ಣು ತಳಕ್ಕೆ ಕೂರುತ್ತದೆ, ಮೇಲಿನ ತಿಳಿ ಮುಂದಿನ ಸಲಕ್ಕೆ ಬರುತ್ತದೆ.

ಗೋವಾದಿಂದ ಬಂದ ಗಾಡಿಗೆ ಈ ಕ್ರಮ ಬದಲಾಗುತ್ತದೆ. ಕಡಲ ದಂಡೆಯ ಉಪ್ಪು ಚಿಮಣಿ ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಮಾತ್ರ ಕರಗುತ್ತದೆ. ಎಷ್ಟು ತಿಕ್ಕಿದರೂ ಉಪ್ಪು ಅಲ್ಲೇ ಇದ್ದು, ಮೇಲೆ ಹಾಕಿದ ಎಣ್ಣೆಯ ಅಡಿಯಲ್ಲಿ ತುಕ್ಕು ನಡೆಯುತ್ತಿರುತ್ತದೆ. ಮೊದಲು ಬಕೆಟ್ ಸಿಹಿನೀರಿಗೆ ಸ್ವಲ್ಪ ಶಾಂಪೂ ಹಾಕಿ ಬ್ರಶ್‌ನಿಂದ ತೊಳೆದು, ಬರಿನೀರು ಹಾಕಿ, ಒರೆಸಿ, ಆಮೇಲೆ ಡಬ್ಲ್ಯೂಡಿ-40 ಹೊಡೆದು ನೀರು ತೆಗೆದು, ಮತ್ತೆ ಒರೆಸಿ, ಕೊನೆಗೆ ಎಣ್ಣೆ. ಇದನ್ನು ಬಂದ ದಿನವೇ ಮಾಡಬೇಕು.

ತುಕ್ಕು ಆಗಲೇ ಹಿಡಿದಿದ್ದರೆ ಮೊದಲು ಅದು ಎಲ್ಲಿದೆ ನೋಡಿ. ಹೊರಪಟ್ಟಿಯ ಚಪ್ಪಟೆ ಮುಖದ ಮೇಲೆ ಕೆಂಪು ಪುಡಿಯಂತಿದ್ದರೆ ಅದು ಕಣ್ಣಿಗೆ ಕೆಟ್ಟದು, ಚೈನಿಗೆ ಅಲ್ಲ. ಚಿಮಣಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ತಿಕ್ಕಿದರೆ ಹೋಗುತ್ತದೆ. ಹೋಗದಿದ್ದರೆ ಪಾತ್ರೆ ತಿಕ್ಕುವ ಹಸಿರು ಪ್ಯಾಡಿಗೆ 90 ನಂಬರ್ ಎಣ್ಣೆ ಹಚ್ಚಿ ಆ ಮುಖವನ್ನಷ್ಟೇ ತಿಕ್ಕಿ, ಸಂದಿಗೆ ಪ್ಯಾಡ್ ತಾಗಬಾರದು.

ಕೊಂಡಿ ಬಿಗಿದಿದ್ದರೆ ವಿಷಯ ಬೇರೆ. ಚಕ್ರವನ್ನು ನಿಧಾನಕ್ಕೆ ಹಿಂದಕ್ಕೆ ತಿರುಗಿಸುತ್ತಾ, ಚೈನ್ ಸ್ಪ್ರಾಕೆಟ್ ಬಿಟ್ಟು ನೇರವಾಗುವ ಜಾಗದಲ್ಲಿ ಕಣ್ಣಿಡಿ. ನೇರವಾಗದೆ ಮಡಚಿಕೊಂಡೇ ಬರುವ ಕೊಂಡಿಗೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ. ಅದಕ್ಕೆ ಡಬ್ಲ್ಯೂಡಿ-40 ಬಿಟ್ಟು ಕಾಲು ಗಂಟೆ ಕಾದು, ಮಡಚುವ ದಿಕ್ಕಿನಲ್ಲೇ ಮೇಲೆ ಕೆಳಗೆ ಆಡಿಸಿ. ಪಕ್ಕಕ್ಕೆ ತಿರುಚಬೇಡಿ. ಮೂರು ಸಲ ಮಾಡಿದರೆ ಬಹಳ ಸಲ ಬಿಡುತ್ತದೆ, ಕೂಡಲೆ 90 ನಂಬರ್ ತುಂಬಿಸಿ. ಸಾದಾ ಚೈನ್ ಪೂರ್ತಿ ಹಾಗಾಗಿದ್ದರೆ ಲಾಕ್ ಬಿಚ್ಚಿ ತೆಗೆದು ಒಂದು ರಾತ್ರಿ ಚಿಮಣಿ ಎಣ್ಣೆಯಲ್ಲಿ ನೆನೆಸಿ, ಒಣಗಿಸಿ, ಇನ್ನೊಂದು ರಾತ್ರಿ ಗೇರ್ ಆಯಿಲ್‌ನಲ್ಲಿ ಮುಳುಗಿಸಿ, ತೂಗುಹಾಕಿ ಎಣ್ಣೆ ಸೋರಿಸಿ ಕಟ್ಟಿ. ಓ-ರಿಂಗ್ ಚೈನನ್ನು ಹೀಗೆ ನೆನೆಸಬಾರದು. ಅದರಲ್ಲಿ ಬಿಗಿದ ಕೊಂಡಿ ಎಂದರೆ ಬಳೆ ಹರಿದು ಒಳಗಿನ ಗ್ರೀಸ್ ಹೋಗಿ ನೀರು ಸೇರಿದೆ ಎಂದರ್ಥ. ಇವತ್ತು ಬಿಡಿಸಿದರೂ ಮತ್ತೆ ಬಿಗಿಯುತ್ತದೆ. ಪಿನ್ನಿನ ಬುಡದಿಂದ ಕೆಂಪು ಪುಡಿ ಉದುರುತ್ತಿದ್ದರೂ ಇದೇ ಕಥೆ, ಆ ಚೈನಿಗೆ ಇನ್ನು ಎಣ್ಣೆ ದಂಡ.

ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಸರಿ, ಚೈನಿಗಲ್ಲ. ಹುಳಿ, ವಿನೆಗರ್, ಟಾಯ್ಲೆಟ್ ತೊಳೆಯುವ ಆಸಿಡ್ ಇವೆಲ್ಲ ತುಕ್ಕನ್ನು ತಿನ್ನುತ್ತವೆ ನಿಜ. ಜೊತೆಗೆ ಗಟ್ಟಿ ಮಾಡಿದ ಉಕ್ಕಿನೊಳಗೆ ಹೈಡ್ರೋಜನ್ ಸೇರಿಸಿ ಅದನ್ನು ಪೆಡಸು ಮಾಡುತ್ತವೆ. ಹೊಳೆಯುವ ಚೈನ್ ಓಡುವಾಗ ತುಂಡಾಗಬಹುದು. ಅಡುಗೆ ಎಣ್ಣೆಗಳ ಪೈಕಿ ಕುಸುಬಿ ಎಣ್ಣೆ, ಅಗಸೆ ಎಣ್ಣೆ ಗಾಳಿಗೆ ಒಣಗಿ ವಾರ್ನಿಷ್ ಆಗುವ ಜಾತಿಯವು. ಕೊಂಡಿಯನ್ನು ಅಂಟಿಸಿಯೇ ಬಿಡುತ್ತವೆ. ಗ್ರೀಸ್ ಹೊರಗೇ ಕೂರುತ್ತದೆ. ಎಂಜಿನ್ನಿನಿಂದ ತೆಗೆದ ಕರಿ ಆಯಿಲ್‌ನಲ್ಲಿ ಲೋಹದ ಪುಡಿ, ಮಸಿ, ಆಮ್ಲ ಎಲ್ಲ ಇರುತ್ತವೆ.

ಕರಿ ಆಯಿಲ್ ಮಾತು ಬಂದದ್ದರಿಂದ ವಾಷಿಂಗ್ ಸೆಂಟರ್ ಸೇವೆಯ ಬಗ್ಗೆಯೂ ಎರಡು ಮಾತು. ಗಾಡಿಯ ಮೈ ತೊಳೆಯುವುದರಲ್ಲಿ ತಕರಾರಿಲ್ಲ, ಚೈನಿಗೆ ಮಾತ್ರ ಎರಡು ಅಂಕ. ಪ್ರೆಶರ್ ಗನ್ನನ್ನು ಹತ್ತಿರ ಹಿಡಿದರೆ ನೀರು ಓ-ರಿಂಗ್ ದಾಟಿ ಒಳಗೆ ನುಗ್ಗುತ್ತದೆ, ಸಾದಾ ಚೈನಿನಲ್ಲಿ ಪಿನ್ನಿನ ಎಣ್ಣೆಯೇ ತೊಳೆದುಹೋಗುತ್ತದೆ. ಅದರ ಮೇಲೆ ಹೊಳಪಿಗೆಂದು ಡೀಸೆಲ್ಲೋ ಕರಿ ಆಯಿಲ್ಲೋ ಹೊಡೆದು ಕೊಡುವುದು ರೂಢಿ. ಗಾಡಿ ಬಿಡುವಾಗಲೇ ಹೇಳಿಬಿಡಿ: "ಚೈನಿಗೆ ಗನ್ ಹಿಡೀಬ್ಯಾಡ್ರಿ, ಎಣ್ಣಿನೂ ಹೊಡೀಬ್ಯಾಡ್ರಿ, ನಾವ ಹಾಕ್ಕೋತೀವಿ." ಕೇಳುತ್ತಾರೆ, ಅವರಿಗೂ ಕೆಲಸ ಕಡಿಮೆ. ವಾಪಸು ಬರುವಾಗ ನಾಲ್ಕೈದು ಕಿ.ಮೀ. ಓಡಿಸಿ ನೀರು ಹಾರಿಸಿ, ಅದೇ ಸಂಜೆ ಎಣ್ಣೆ ಹಾಕಿ. ಮಾಮೂಲಿ 500 ಕಿ.ಮೀ. ಲೆಕ್ಕ ಆವತ್ತಿಗೆ ಅನ್ವಯಿಸುವುದಿಲ್ಲ. ಇಬ್ಬನಿಯಲ್ಲಿ ನಿಲ್ಲುವ ಗಾಡಿಗೂ ಆ ಲೆಕ್ಕವನ್ನು 300ಕ್ಕೆ ಇಳಿಸಿಕೊಳ್ಳಿ.

ಚೈನ್ ಇನ್ನೂ ಉಳಿಸಲು ಯೋಗ್ಯವೇ ಎಂದು ಅಳೆದು ತಿಳಿಯಬಹುದು. ಚೈನ್ ಬಿಗಿಯಾಗಿ ಎಳೆದಿರುವಂತೆ ಮಾಡಿ, ಒಂದು ಪಿನ್ನಿನ ನಡುವಿನಿಂದ ಇಪ್ಪತ್ತೊಂದನೆಯ ಪಿನ್ನಿನ ನಡುವಿನವರೆಗೆ ಉಕ್ಕಿನ ಟೇಪ್ ಹಿಡಿಯಿರಿ. 428 (ಇದು ಚೈನಿನ ಅಳತೆಯ ನಂಬರ್) ಚೈನ್ ಹೊಸತಿದ್ದಾಗ ಅದು 254 ಮಿ.ಮೀ. 259 ತಲುಪಿದರೆ ಬದಲಿಸಿ. 520 ಚೈನಿಗೆ 317.5 ಮಿ.ಮೀ., ಬದಲಿಸುವ ಮಿತಿ 323. ಮೂರು ಜಾಗದಲ್ಲಿ ಅಳೆಯಿರಿ, ಸವೆತ ಎಲ್ಲ ಕಡೆ ಒಂದೇ ಇರುವುದಿಲ್ಲ. ಸಡಿಲ ಹೊಂದಿಸುವಾಗಲೂ ಹಾಗೆಯೇ, ಚಕ್ರ ತಿರುಗಿಸುತ್ತಾ ಚೈನ್ ಎಲ್ಲಿ ಹೆಚ್ಚು ಬಿಗಿ ಇದೆಯೋ ಆ ಜಾಗದಲ್ಲಿ ನೋಡಬೇಕು. ಹಲವು ಸಣ್ಣ ಗಾಡಿಗಳಿಗೆ ಕೆಳಸಾಲಿನ ನಡುವೆ 20ರಿಂದ 30 ಮಿ.ಮೀ. ಆಟ ಇರಬೇಕು, ನಿಮ್ಮ ಗಾಡಿಯದ್ದು ಮ್ಯಾನ್ಯುಯಲ್‌ನಲ್ಲೋ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಮೇಲಿನ ಸ್ಟಿಕ್ಕರಿನಲ್ಲೋ ಇರುತ್ತದೆ. ಸಡಿಲ ಇರುವ ಜಾಗದಲ್ಲಿ ಅಳೆದು ಬಿಗಿದರೆ ಬಿಗಿ ಜಾಗ ಬಂದಾಗಲೆಲ್ಲ ಗೇರ್‌ಬಾಕ್ಸಿನ ಬೇರಿಂಗ್ ಮೇಲೆ ಎಳೆತ ಬೀಳುತ್ತದೆ. ಚೈನಿನ ತುಕ್ಕು ಎಂಜಿನ್ ರಿಪೇರಿಗೆ ದಾರಿ ಮಾಡುವುದು ಹೀಗೆ.

ಬದಲಿಸುವಾಗ ಚೈನ್ ಒಂದನ್ನೇ ತರಬೇಡಿ, ಎರಡೂ ಸ್ಪ್ರಾಕೆಟ್ ಸೇರಿದ ಸೆಟ್ ತನ್ನಿ. ಹಳೆಯ ಹಲ್ಲು ಹಳೆಯ ಚೈನಿನ ಉದ್ದಕ್ಕೆ ಸವೆದಿರುತ್ತದೆ, ಹೊಸ ಚೈನನ್ನೂ ಬೇಗ ಹಾಗೇ ಎಳೆಯುತ್ತದೆ. ಲಾಕ್ ಕ್ಲಿಪ್ ಇರುವ ಚೈನಾದರೆ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಬೇಕು, ಸೀಳಿದ ತುದಿ ಹಿಂದಕ್ಕೆ. ಮೆಕ್ಯಾನಿಕ್ ಹಾಕಿ ಕೊಟ್ಟ ಮೇಲೆ ಬಗ್ಗಿ ಇದನ್ನೊಂದು ನೋಡಿಕೊಂಡೇ ಗಾಡಿ ಹತ್ತಿ.